ಕಡಲೆಕಾಯಿ ಗುದ್ದು

ಚೆಂಡು ಅಂದಮೇಲೆ ಗುಂಡಗಿರಬೇಕು ಎಂದು ನಂಬಿ ಬೆಳೆದವಳು ನಾನು. ಅಮೆರಿಕದವರ ಫುಟ್‌ಬಾಲ್ ಚೆಂಡಿಗೆ ಎರಡು ಕಡೆಯೂ ಮೂತಿ. ಉದ್ದ 11 ಇಂಚು, ತೂಕ ಅರ್ಧ ಕೆ.ಜಿ.ಗೆ ಸ್ವಲ್ಪ ಕಡಿಮೆ. ಓಹಾಯೋ ರಾಜ್ಯದ ಏಡಾ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ ಹಸುವಿನ ತೊಗಲಲ್ಲಿ ಅದನ್ನು ಹೊಲಿಯುತ್ತಾರೆ. ಬಾಯಿಮಾತಿನಲ್ಲಿ ಮಾತ್ರ ಹಂದಿಯ ತೊಗಲು ಅಂತಲೇ ಹೇಳಿಕೊಂಡು ಬಂದಿದ್ದಾರೆ. ಈ ಚೆಂಡು ಕೈಜಾರಿ ನೆಲಕ್ಕೆ ಬಿತ್ತೋ, ಅದರ ಮೇಲೆ ಯಾರ ಹಿಡಿತವೂ ಇಲ್ಲ. ಒಮ್ಮೆ ನಿಮ್ಮ ಎದೆಗೇ ಬಂದು ಕೂರುತ್ತದೆ, ಇನ್ನೊಮ್ಮೆ ಕಾಲಡಿ ನುಸುಳಿ ಎದುರಾಳಿಯ ಮಡಿಲು ಸೇರುತ್ತದೆ. ಇಂಥದ್ದೊಂದು ವಸ್ತುವನ್ನು ನಂಬಿಕೊಂಡು ಕೋಟಿಗಟ್ಟಲೆ ಡಾಲರಿನ ವ್ಯವಹಾರ ನಡೆಸುವವರ ಧೈರ್ಯವನ್ನು ಮೆಚ್ಚಬೇಕು.

ನಾನು ಈ ಆಟ ನೋಡಲು ಕಲಿತದ್ದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ, ಮಗಳ ಮನೆಯಲ್ಲಿ, ಬೇರೆ ಗತಿಯಿಲ್ಲದೆ. ಚಳಿಗಾಲದ ಭಾನುವಾರ ಅಲ್ಲಿ ವಾಕಿಂಗ್ ಹೋಗುವಂತಿಲ್ಲ. ಬಾಗಿಲು ತೆರೆದರೆ ಮೂಗು ಉದುರುವಂಥ ಗಾಳಿ. ಮಗಳು ವಾರದ ಅಡುಗೆ ಮಾಡಿ ಡಬ್ಬಿಗೆ ತುಂಬುತ್ತಿರುತ್ತಾಳೆ. ಅಳಿಯ ಮತ್ತು ಮೊಮ್ಮಗ ಟೀವಿ ಮುಂದೆ. ಇಬ್ಬರೂ ಬೇರ್ಸ್ ತಂಡದ ಭಕ್ತರು, ಆದ್ದರಿಂದ ಇಬ್ಬರೂ ಸದಾ ದುಃಖಿಗಳು. ಆ ತಂಡದವರು ಅಂಕ ಗಳಿಸುವುದರಲ್ಲಿ ಬಹುಕಾಲದಿಂದ ಸ್ವಲ್ಪ ಮಂದ. ಅವರ ಹೆಸರು ನಿಂತಿರುವುದೆಲ್ಲ ಡಿಫೆನ್ಸ್ ಮೇಲೆ.

ಆಟದ ಲೆಕ್ಕ ಇಷ್ಟೇ. ಒಂದೊಂದು ಕಡೆ 11 ಜನ. ಚೆಂಡು ಇರುವವರಿಗೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಹೀಗೆ ತಳ್ಳಿಕೊಂಡು ತಳ್ಳಿಕೊಂಡು ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಮೂರು ಸಲವೂ ಬಗ್ಗಲಿಲ್ಲ ಅಂದರೆ ನಾಲ್ಕನೆಯ ಸಲ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸಿಬಿಡುತ್ತಾರೆ. ಇದು ಪಂಟ್. ಚೆಂಡು ಹೋಯಿತು ನಿಜ. ಆದರೆ ಸುಮಾರು 40 ಗಜ ಆಚೆಗೆ ಹೋಯಿತು, ಅವರು ಅಲ್ಲಿಂದ ಹೊರಟು ಬರಬೇಕು. ಸೋತರೂ ಮರ್ಯಾದೆ ಉಳಿಸಿಕೊಂಡ ಹಾಗೆ.

ಟರ್ನೋವರ್‌ನಲ್ಲಿ ಆ ಮರ್ಯಾದೆಯೂ ಇಲ್ಲ. ಓಡುವವನ ಕೈಯಿಂದ ಚೆಂಡು ಬಿದ್ದು ಎದುರಾಳಿ ಅದನ್ನು ಬಾಚಿಕೊಂಡರೆ ಫಂಬಲ್ ಆಗಿ ಚೆಂಡು ಕಳೆದುಕೊಂಡಂತೆ. ಎಸೆದ ಚೆಂಡನ್ನು ನಡುವೆಯೇ ಹಾರಿ ಹಿಡಿದುಕೊಂಡರೆ ಇಂಟರ್‌ಸೆಪ್ಷನ್. ಎರಡರಲ್ಲೂ ಚೆಂಡು ಹೋಗುತ್ತದೆ, ಮೇಲೆ ಆ 40 ಗಜವೂ ಹೋಗುತ್ತದೆ. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ಚೆಂಡು ಸಿಗುವ ಸರದಿಯೇ ಹತ್ತು ಹನ್ನೆರಡು. ಅದರಲ್ಲಿ ಎರಡು ಮೂರನ್ನು ಕಸಿದುಕೊಂಡರೆ ಉಳಿದ ಲೆಕ್ಕ ತಾನಾಗಿಯೇ ತಲೆಕೆಳಗಾಗುತ್ತದೆ. ಇನ್ನೊಂದು ನಷ್ಟವನ್ನು ಅಂಕಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಈಗಷ್ಟೇ ಬೆಂಚಿನ ಮೇಲೆ ಕೂತು ಗಂಟಲಿಗೆ ನೀರು ಹೊಯ್ದುಕೊಳ್ಳುತ್ತಿದ್ದ ನಿಮ್ಮ ಡಿಫೆನ್ಸ್‌ನವರು ಮತ್ತೆ ಹೆಲ್ಮೆಟ್ ಹುಡುಕಿಕೊಂಡು ಏಳಬೇಕು. ನೂರಿಪ್ಪತ್ತು, ನೂರಮೂವತ್ತು ಕೆ.ಜಿ. ತೂಗುವ ಮನುಷ್ಯ ಹಾಗೆ ಏಳುವಾಗ ಅವನ ಮುಖ ನೋಡಬೇಕು. ಅರ್ಧ ಪಂದ್ಯ ಅಲ್ಲಿಯೇ ಮುಗಿದಿರುತ್ತದೆ.

"ಅತ್ತೆ, ನೀವು ಚೆಂಡಿನ ಹಿಂದೆ ಹೋಗ್ತೀರಿ. ಹಿಡಿಯೋಕೆ ಬರೋನ ಕೈ ನೋಡಿ," ಎಂದ ಅಳಿಯ ಒಂದು ದಿನ. ಹೇಳಿ ಸುಮ್ಮನಾಗಲಿಲ್ಲ. ಯೂಟ್ಯೂಬ್‌ನಲ್ಲಿ ಒಂದು ಹಳೆಯ ಪಂದ್ಯ ಹಾಕಿದ.

2006ರ ಅಕ್ಟೋಬರ್ 16, ಸೋಮವಾರ ರಾತ್ರಿ. ಅರಿಜೋನಾದ ಗ್ಲೆಂಡೇಲ್‌ನಲ್ಲಿ ಕಾರ್ಡಿನಲ್ಸ್ ಮೇಲೆ ಬೇರ್ಸ್ ಆಟ. ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದೆ ಬಂದಿದ್ದ ಬೇರ್ಸ್‌ಗೆ ಆ ದಿನ ಏನಾಗಿತ್ತೋ. ಅರ್ಧ ಆಟಕ್ಕೆ 20–0 ಹಿಂದೆ. ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ರೆಕ್ಸ್ ಗ್ರಾಸ್‌ಮನ್ ದಾನಶೂರ ಕರ್ಣನ ಅವತಾರ ಎತ್ತಿದ್ದರು: ಆ ಒಂದು ರಾತ್ರಿ ನಾಲ್ಕು ಇಂಟರ್‌ಸೆಪ್ಷನ್, ಎರಡು ಫಂಬಲ್, ಒಟ್ಟು ಆರು ಸಲ ಚೆಂಡು ಧಾರೆ ಎರೆದರು. ಇಷ್ಟಾದ ಮೇಲೆ ಯಾವ ತಂಡವೂ ಗೆಲ್ಲಬಾರದು. ಮೂರನೆಯ ಕಾಲುಭಾಗದ ಕೊನೆಗೆ ಕಾರ್ಡಿನಲ್ಸ್‌ನ ಹೊಸ ಹುಡುಗ ಮ್ಯಾಟ್ ಲೈನಾರ್ಟ್ ಚೆಂಡು ಎಸೆಯಲು ಜಾಗ ಹುಡುಕುತ್ತಿದ್ದಾಗ ಹಿಂದಿನಿಂದ ಬೇರ್ಸ್‌ನ ಮಾರ್ಕ್ ಆಂಡರ್ಸನ್ ಬಂದು ಅಪ್ಪಳಿಸಿದರು. ಚೆಂಡು ಉರುಳಿತು; ಮೈಕ್ ಬ್ರೌನ್ ಎತ್ತಿಕೊಂಡು ಗೆರೆ ದಾಟಿದರು. 23–10.

ಆಮೇಲಿನದ್ದನ್ನು ಅಳಿಯ ನಿಲ್ಲಿಸಿ ನಿಲ್ಲಿಸಿ ತೋರಿಸಿದ. ಕಾರ್ಡಿನಲ್ಸ್‌ಗೆ ಈಗ ಬೇಕಾದದ್ದು ಕಾಲ ಕಳೆಯುವುದು. ಚೆಂಡನ್ನು ಎಡ್ಜರಿನ್ ಜೇಮ್ಸ್ ಕೈಗೆ ಕೊಡುತ್ತಾರೆ. ಅನುಭವಿ ಓಟಗಾರ, ಗಟ್ಟಿ ಆಳು. ಮೂರ್ನಾಲ್ಕು ಜನ ಅವರನ್ನು ತಬ್ಬಿಕೊಂಡಿದ್ದಾರೆ. ಇನ್ನೇನು ನೆಲಕ್ಕೆ ಬೀಳಬೇಕು. ಆ ಗುಂಪಿನೊಳಗೆ ಬೇರ್ಸ್‌ನ ಬ್ರಯನ್ ಅರ್ಲೇಕರ್ ಕೈ ತೂರಿಸುತ್ತಾರೆ. ಅವರ ಗಮನ ಜೇಮ್ಸ್‌ನನ್ನು ಬೀಳಿಸುವುದರ ಮೇಲಿಲ್ಲ. ಬೀಳಿಸಲು ಜನ ಇದ್ದಾರೆ. ಆ ಕೈ ಮೊಣಕೈಯ ಸಂದಿಗೆ ಹೋಗಿ ಚೆಂಡಿನ ಮೂತಿ ಹಿಡಿದು ಎಳೆಯುತ್ತದೆ. ಒಂದು ಸಲಕ್ಕೆ ಬರುವುದಿಲ್ಲ. ಬಿಡುವುದಿಲ್ಲ. ಇನ್ನೊಂದು ಜಗ್ಗು. ಚೆಂಡು ಹೊರಗೆ. ಅದನ್ನು ಎತ್ತಿಕೊಂಡ ಚಾರ್ಲ್ಸ್ ಟಿಲ್‌ಮನ್ 40 ಗಜ ಓಡಿ ಟಚ್‌ಡೌನ್ ಹೊಡೆದರು. ಕಾರ್ಡಿನಲ್ಸ್‌ನ ದೃಷ್ಟಿಯಿಂದ ನೋಡಿದರೆ ಉಂಡೂ ಹೋದ, ಕೊಂಡೂ ಹೋದ. ಆಮೇಲೆ ಡೆವಿನ್ ಹೆಸ್ಟರ್ ಒಂದು ಪಂಟ್ ಹಿಡಿದು 83 ಗಜ ಓಡಿದರು. ಬೇರ್ಸ್ 24, ಕಾರ್ಡಿನಲ್ಸ್ 23. ಅಂಕ ಗಳಿಸಲೆಂದೇ ಸಂಬಳ ಪಡೆಯುವ ಬೇರ್ಸ್ ಆಕ್ರಮಣದವರು ಆ ರಾತ್ರಿ ಒಂದೇ ಒಂದು ಟಚ್‌ಡೌನ್ ಹೊಡೆದಿರಲಿಲ್ಲ.

ಈ ಟಿಲ್‌ಮನ್‌ಗೆ ಎಲ್ಲರೂ ಕರೆಯುವ ಹೆಸರು ಪೀನಟ್. ಕೂಸಾಗಿದ್ದಾಗ ಮನೆಯಲ್ಲಿ ಬಿದ್ದ ಅಡ್ಡಹೆಸರಂತೆ. ಬಸವನಗುಡಿಯಲ್ಲಿ ಹುಟ್ಟಿ ಕಡಲೆಕಾಯಿ ಪರಿಷೆಯಲ್ಲಿ ಬೆಳೆದವಳಿಗೆ ಶಿಕಾಗೋದಲ್ಲಿ ಇದಕ್ಕಿಂತ ಆಪ್ತವಾದ ಹೆಸರು ಬೇರೆ ಬೇಕೆ? ಆ ಕ್ಷಣದಿಂದ ಬೇರ್ಸ್ ನನ್ನ ತಂಡವೂ ಆಯಿತು. ಮೊಮ್ಮಗನಿಗೆ ಪರಿಷೆಯ ಕಥೆ ಹೇಳಿದೆ. ಅವನು ನನಗೆ ಪೀನಟ್ ಪಂಚ್ ಹೇಳಿಕೊಟ್ಟ. ನನ್ನ ಬಾಯಲ್ಲಿ ಅದು ಕಡಲೆಕಾಯಿ ಗುದ್ದು.

ಗುದ್ದು ಅಂದರೆ ಎದುರಿನವನ ಮೈಗಲ್ಲ, ಚೆಂಡಿಗೆ. ಬೇರೆಯವರು ಓಟಗಾರನನ್ನು ಎರಡೂ ಕೈಯಲ್ಲಿ ತಬ್ಬಿ ಕೆಡವಿದರೆ ಟಿಲ್‌ಮನ್ ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡು ಇನ್ನೊಂದು ಮುಷ್ಟಿಯಿಂದ ಚೆಂಡಿಗೆ ಗುದ್ದುತ್ತಿದ್ದರು. ಹಿಂದಿನಿಂದ ಬಂದರೂ ಅಷ್ಟೆ, ಪಕ್ಕದಿಂದ ಬಂದರೂ ಅಷ್ಟೆ. ಓಡುವವನು ತೋಳು ಬೀಸಿದಾಗ ಚೆಂಡು ಪಕ್ಕೆಯಿಂದ ಕೂದಲೆಳೆಯಷ್ಟು ದೂರ ಸರಿಯುತ್ತದೆ. ಗುದ್ದು ಬೀಳಬೇಕಾದದ್ದು ಆಗ. ಹೀಗೆ ವೃತ್ತಿಜೀವನದಲ್ಲಿ ಅವರು 44 ಫಂಬಲ್ ಮಾಡಿಸಿದರು. 2012ರ ನವೆಂಬರ್ 4ರಂದು ಟೆನೆಸಿ ಟೈಟನ್ಸ್ ಮೇಲೆ ಒಂದೇ ಪಂದ್ಯದಲ್ಲಿ ನಾಲ್ಕು. ಬೇರ್ಸ್ ಆ ದಿನ 51–20ರಿಂದ ಗೆದ್ದರು. ಈಗ ಎಲ್ಲ ತಂಡದ ಹುಡುಗರೂ ಅಭ್ಯಾಸದಲ್ಲಿ ಆ ಗುದ್ದು ಗುದ್ದುತ್ತಾರೆ. ಆಟ ಬಿಟ್ಟ ಮೇಲೆ ಟಿಲ್‌ಮನ್ ಎಫ್‌ಬಿಐ ಸೇರಿದರು. ಕಸಿಯುವುದರಲ್ಲಿ ಪಳಗಿದವರನ್ನು ಕಳ್ಳರ ಹಿಂದೆ ಬಿಡುವುದು ಸರಿಯಾದ ಸರ್ಕಾರಿ ನಿರ್ಧಾರ ಎಂದು ನಾನು ಮೆಚ್ಚಿಕೊಂಡೆ.

ಬೇರ್ಸ್‌ನಲ್ಲಿ ಅವರ ಕೋಚ್ ಆಗಿದ್ದ ಲವಿ ಸ್ಮಿತ್ ಇದನ್ನು ಅದೃಷ್ಟಕ್ಕೆ ಬಿಟ್ಟವರಲ್ಲ. ಅಭ್ಯಾಸದಲ್ಲಿ ಚೆಂಡು ಎಲ್ಲಿ ನೆಲ ಮುಟ್ಟಿದರೂ, ಅದು ಹಿಡಿಯಲಾಗದೆ ಬಿಟ್ಟ ಚೆಂಡೇ ಆಗಿರಲಿ, ಡಿಫೆನ್ಸ್‌ನವರು ಅದನ್ನು ಎತ್ತಿಕೊಂಡು ಓಡಲೇಬೇಕು. ನೋಡುವವರಿಗೆ ಹುಚ್ಚಾಟ. ಆದರೆ ಪಂದ್ಯದಲ್ಲಿ ಚೆಂಡು ಬಿದ್ದಾಗ ಯೋಚನೆ ಮಾಡಲು ಸಮಯವಿರುವುದಿಲ್ಲ. ಆಗ ಕೆಲಸ ಮಾಡುವುದು ಮೈಗೆ ಅಂಟಿದ ಚಾಳಿ ಮಾತ್ರ.

ಕಸಿಯುವವರು ಇಷ್ಟು ಜಾಣರಾದರೆ ಹೊತ್ತವರು ಸುಮ್ಮನಿರುತ್ತಾರೆಯೇ? ಸಂಜೆ ಹೊತ್ತು ಮೆಜೆಸ್ಟಿಕ್ ಬಸ್ಸಿನ ನೂಕುನುಗ್ಗಲಿನಲ್ಲಿ ಹೆಂಗಸರು ವ್ಯಾನಿಟಿ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಲ್ಲುತ್ತಾರಲ್ಲ, ಒಳ್ಳೆಯ ಓಟಗಾರ ಚೆಂಡು ಹಿಡಿಯುವುದು ಹಾಗೆಯೇ. ನ್ಯೂಯಾರ್ಕ್ ಜೈಂಟ್ಸ್‌ನ ಟೀಕಿ ಬಾರ್ಬರ್ ಎಂಬ ಚುರುಕು ಓಟಗಾರನಿಗೆ ಈ ಬುದ್ಧಿ ತಡವಾಗಿ ಬಂತು. ಆಗಾಗ ಚೆಂಡು ಬೀಳಿಸಿಯೇ ಹೆಸರು ಕೆಡಿಸಿಕೊಂಡಿದ್ದರು. 2004ರಲ್ಲಿ ಕೋಚ್ ಆಗಿ ಬಂದ ಟಾಮ್ ಕಾಫ್ಲಿನ್ ಕಾಲದಲ್ಲಿ ಹಿಡಿಯುವ ರೀತಿ ಬದಲಾಯಿತು: ಚೆಂಡು ಸೊಂಟದ ಹತ್ತಿರ ಬೇಡ, ಮೇಲೆ, ಎದೆಗೆ ಒತ್ತಿ, ಮೊಣಕೈ ಒಳಗೆ. ಅಷ್ಟೇ. ಫಂಬಲ್ ತುಂಬಾ ಕಡಿಮೆಯಾಯಿತು, ಅವರ ಅತ್ಯುತ್ತಮ ವರ್ಷಗಳು ಆಮೇಲೆಯೇ ಬಂದವು.

ಕಸಿದುಕೊಂಡವನನ್ನೂ ಕಸಿಯುವವರಿದ್ದಾರೆ. 1993ರ ಜನವರಿ 31ರಂದು ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ ಡಲ್ಲಾಸ್ ಕೌಬಾಯ್ಸ್ ಬಫಲೋ ಬಿಲ್ಸ್‌ನಿಂದ ಒಂಬತ್ತು ಸಲ ಚೆಂಡು ಕಿತ್ತುಕೊಂಡು 52–17ರಿಂದ ಗೆದ್ದಿತು. ಅದರಲ್ಲಿ ಒಂದು ಫಂಬಲ್ ಎತ್ತಿಕೊಂಡ ಲಿಯಾನ್ ಲೆಟ್ ಎಂಬ ಭಾರಿ ಆಸಾಮಿ ಅರ್ಧ ಮೈದಾನಕ್ಕಿಂತ ಹೆಚ್ಚು ದೂರ ಓಡಿದ. ಗೆರೆ ಇನ್ನೇನು ಬಂತು ಎನ್ನುವಾಗ ಸಂಭ್ರಮಕ್ಕೆ ಚೆಂಡನ್ನು ಒಂದು ಕೈಯಲ್ಲಿ ಚಾಚಿ ಹಿಡಿದ. ಹಿಂದಿನಿಂದ ಬಿಲ್ಸ್‌ನ ಡಾನ್ ಬೀಬಿ ಓಡಿ ಬರುತ್ತಿದ್ದಾನೆಂದು ಅವನಿಗೆ ಗೊತ್ತೇ ಇಲ್ಲ. ಬೀಬಿ ಒಂದು ಏಟು ಹೊಡೆದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೆಲುವಿಗೇನೂ ಧಕ್ಕೆಯಾಗಲಿಲ್ಲ, ಆದರೆ ಪಾಪ, ಇವತ್ತಿಗೂ ಆ ತುಣುಕನ್ನು ಟೀವಿಯವರು ತೋರಿಸುತ್ತಲೇ ಇರುತ್ತಾರೆ.

ಇಂಟರ್‌ಸೆಪ್ಷನ್ ಇದಕ್ಕಿಂತ ಸೂಕ್ಷ್ಮದ ಕೆಲಸ. ಅರ್ಧ ಕೆಲಸ ಮುಂದಿನ ಸಾಲಿನವರದ್ದು. ಅವರು ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಬಿದ್ದು ಅವಸರ ಹುಟ್ಟಿಸುತ್ತಾರೆ. ಅವಸರದಲ್ಲಿ ಎಸೆದ ಚೆಂಡು ಒಂದು ಗೇಣು ಆಚೀಚೆ ಹೋಗುತ್ತದೆ. ಆ ಗೇಣಿಗಾಗಿ ಹಿಂದೆ ಕಾದು ನಿಂತವನೊಬ್ಬ ಇರುತ್ತಾನೆ. ಅಂಕಪಟ್ಟಿಯಲ್ಲಿ ಹಿಡಿದವನ ಹೆಸರೊಂದೇ ಬರುತ್ತದೆ. ಈ ಅನ್ಯಾಯದ ಬಗ್ಗೆ ನನ್ನ ಅಳಿಯ ಗಂಟೆಗಟ್ಟಲೆ ಮಾತಾಡಬಲ್ಲ. ಹೈಸ್ಕೂಲಿನಲ್ಲಿ ವಾಲಿಬಾಲ್ ಆಡುವಾಗ ಅವನೂ ಮುಂದಿನ ಸಾಲಿನವನೇ ಆಗಿದ್ದನೇನೋ.

ಹಿಡಿಯುವವನ ತಲೆ ಎಷ್ಟು ಕೆಲಸ ಮಾಡಿರುತ್ತದೆ ಎನ್ನುವುದಕ್ಕೆ ಮ್ಯಾಲ್ಕಂ ಬಟ್ಲರ್ ಸಾಕು. 2015ರ ಫೆಬ್ರುವರಿ 1, ಮತ್ತೆ ಅದೇ ಗ್ಲೆಂಡೇಲ್ ಮೈದಾನ, ಸೂಪರ್ ಬೌಲ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28, ಸಿಯಾಟಲ್ ಸೀಹಾಕ್ಸ್ 24. ಸಿಯಾಟಲ್‌ಗೆ ಬೇಕಾದದ್ದು ಒಂದೇ ಗಜ. ಗಡಿಯಾರದಲ್ಲಿ ಉಳಿದದ್ದು 26 ಸೆಕೆಂಡು. ಗೂಳಿಯಂತೆ ನುಗ್ಗುವ ಮಾರ್ಷಾನ್ ಲಿಂಚ್ ಅವರ ಕಡೆ ಇದ್ದಾರೆ. ಅವರ ಕೈಗೆ ಚೆಂಡು ಕೊಟ್ಟರೆ ಮುಗಿಯಿತು ಎಂದು ಇಡೀ ದೇಶ ಕಾದಿದೆ. ಬಟ್ಲರ್ ಆ ವರ್ಷವಷ್ಟೇ ಬಂದ ಹುಡುಗ. ವೆಸ್ಟ್ ಅಲಬಾಮಾ ಎಂಬ ಸಣ್ಣ ವಿಶ್ವವಿದ್ಯಾಲಯದವನು; ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಒಂದು ಕಾಲಕ್ಕೆ ಕೋಳಿ ಕರಿದು ಮಾರುವ ಅಂಗಡಿಯಲ್ಲಿ ದುಡಿದವನು.

ಸಿಯಾಟಲ್‌ನ ಇಬ್ಬರು ಒಬ್ಬರ ಹಿಂದೆ ಒಬ್ಬರು ನಿಂತರು. ಬಟ್ಲರ್ ಅದನ್ನು ನೋಡಿದ. ಪಂದ್ಯಕ್ಕೆ ಮುಂಚೆ ಅಭ್ಯಾಸದಲ್ಲಿ ಸಿಯಾಟಲ್‌ನ ಇದೇ ವರಸೆಯನ್ನು ಅವನ ಮೇಲೆ ಪ್ರಯೋಗ ಮಾಡಿದ್ದರು. ಮುಂದಿನವನು ದಾರಿ ಅಡ್ಡಗಟ್ಟುತ್ತಾನೆ, ಹಿಂದಿನವನು ಒಳಕ್ಕೆ ನುಗ್ಗುತ್ತಾನೆ. ಅಭ್ಯಾಸದಲ್ಲಿ ಸುತ್ತಿ ಬಂದು ತಡವಾಗಿ ಮೋಸಹೋಗಿದ್ದ. ಈ ಸಲ ಜೊತೆಗಾರ ಬ್ರ್ಯಾಂಡನ್ ಬ್ರೌನರ್ ಮುಂದಿನವನನ್ನು ನಿಂತಲ್ಲೇ ಅದುಮಿದ. ಬಟ್ಲರ್ ಸುತ್ತಲಿಲ್ಲ, ಚೆಂಡು ಬರಬೇಕಾದ ಜಾಗಕ್ಕೇ ನೇರ ಜಿಗಿದ. ಸಿಯಾಟಲ್‌ನ ರಸೆಲ್ ವಿಲ್ಸನ್ ಎಸೆದ ಚೆಂಡು ತಲುಪುವ ಹೊತ್ತಿಗೆ ಅಲ್ಲಿ ಇವನಿದ್ದ. ವೃತ್ತಿಪರ ಆಟದಲ್ಲಿ ಅದು ಅವನ ಮೊದಲ ಇಂಟರ್‌ಸೆಪ್ಷನ್. ಲಿಂಚ್ ಕೈಗೆ ಚೆಂಡು ಯಾಕೆ ಕೊಡಲಿಲ್ಲ ಎಂದು ಜನ ಇನ್ನೂ ಕೇಳುತ್ತಾರೆ. ಕೇಳಲಿ. ಕೊಟ್ಟಿದ್ದರೆ ಏನಾಗುತ್ತಿತ್ತು ಎನ್ನುವ ಚರ್ಚೆಯಲ್ಲಿ ಬಟ್ಲರ್‌ನ ಹೆಸರು ಮರೆಯಾಗುತ್ತದಲ್ಲ ಎನ್ನುವುದು ನನ್ನ ತಕರಾರು.

ಪಂದ್ಯದ ಕೊನೆಗೆ ಗೆಲ್ಲುತ್ತಿರುವ ತಂಡದ ಕ್ವಾರ್ಟರ್‌ಬ್ಯಾಕ್ ಚೆಂಡು ತೆಗೆದುಕೊಂಡವನೇ ಮಂಡಿ ಊರಿ ಕೂರುವುದನ್ನು ಟೀವಿಯಲ್ಲಿ ನೀವೂ ನೋಡಿರಬಹುದು. ದೇವರಿಗೆ ನಮಸ್ಕಾರವಲ್ಲ, ಚೆಂಡು ಕಳೆದುಕೊಳ್ಳುವ ಭಯ. ಆ ಪದ್ಧತಿ ಕಡ್ಡಾಯದಂತೆ ಬೇರೂರಿದ್ದು 1978ರ ನವೆಂಬರ್ 19ರ ನಂತರ. ನ್ಯೂಜೆರ್ಸಿಯಲ್ಲಿ ಜೈಂಟ್ಸ್ 17–12ರಿಂದ ಮುಂದಿದ್ದರು, ಉಳಿದದ್ದು ಸುಮಾರು ಅರ್ಧ ನಿಮಿಷ. ಸುಮ್ಮನೆ ಕೂತಿದ್ದರೆ ಗೆಲುವು. ಆದರೆ ಬೆಂಚಿನಿಂದ ಬಂದ ಆಜ್ಞೆ, ಚೆಂಡನ್ನು ಲ್ಯಾರಿ ಝೋಂಕಾಗೆ ಕೊಟ್ಟು ಓಡಿಸಿ ಅಂತ. ಕ್ವಾರ್ಟರ್‌ಬ್ಯಾಕ್ ಜೋ ಪಿಸಾರ್ಚಿಕ್ ತಿರುಗಿ ಕೊಡಹೋದರು, ಚೆಂಡು ಝೋಂಕಾ ಸೊಂಟಕ್ಕೆ ತಾಗಿ ಬಿತ್ತು, ಫಿಲಡೆಲ್ಫಿಯಾ ಈಗಲ್ಸ್‌ನ ಹರ್ಮ್ ಎಡ್ವರ್ಡ್ಸ್ ಎದುರಿಗೇ ಪುಟಿಯಿತು. ಅವರು ಎತ್ತಿಕೊಂಡು ಓಡಿದರು, 19–17. ಆ ಆಟ ಹೂಡಿದ ಕೋಚ್‌ನ ಕೆಲಸ ಮಾರನೆಯ ದಿನವೇ ಹೋಯಿತು.

ಹಾಗಾದರೆ ಕಸಿಯುವುದೊಂದು ಗೊತ್ತಿದ್ದರೆ ಸಾಕೇ? ಇಲ್ಲಿ ನನ್ನ ಅಳಿಯನಿಗೂ ಮೊಮ್ಮಗನಿಗೂ ಜಗಳ. ಅಳಿಯ 1985ರ ಬೇರ್ಸ್ ಕಥೆ ತೆಗೆಯುತ್ತಾನೆ. ಆ ವರ್ಷ 54 ಸಲ ಚೆಂಡು ಕಿತ್ತುಕೊಂಡು, 16 ಪಂದ್ಯಗಳಲ್ಲಿ 15 ಗೆದ್ದು, ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್‌ರನ್ನು 46–10ರಿಂದ ಅರೆದ ತಂಡ. ಅವನು ಆಗ ಮೈಸೂರಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. ಕಣ್ಣಾರೆ ಕಂಡವನಂತೆ ಹೇಳುತ್ತಾನೆ. ಮೊಮ್ಮಗ ತಣ್ಣಗೆ 2012 ಎನ್ನುತ್ತಾನೆ. ಟಿಲ್‌ಮನ್ ನಾಲ್ಕು ಗುದ್ದಿದ ಆ ವರ್ಷ ಬೇರ್ಸ್ ಮೊದಲ ಎಂಟು ಪಂದ್ಯಗಳಲ್ಲಿ ಏಳು ಗೆದ್ದಿದ್ದರು. ವರ್ಷದ ಕೊನೆಗೆ ಡಿಫೆನ್ಸ್ ಗಳಿಸಿದ ಟರ್ನೋವರ್ 44. ಆದರೂ 10 ಗೆಲುವು, 6 ಸೋಲಿಗೆ ನಿಂತು ಪ್ಲೇಆಫ್ ಎಂಬ ಮುಂದಿನ ಸುತ್ತು ತಪ್ಪಿತು, ಲವಿ ಸ್ಮಿತ್‌ರನ್ನು ಮನೆಗೆ ಕಳಿಸಿದರು. ಕಿತ್ತು ತಂದುಕೊಟ್ಟ ಚೆಂಡನ್ನು ಗೆರೆ ದಾಟಿಸಲು ಆಕ್ರಮಣದವರಿಗೂ ಸ್ವಲ್ಪ ತಾಕತ್ತು ಬೇಕಲ್ಲ. ಇನ್ನೊಂದು ಮಾತನ್ನೂ ಅವನೇ ಹೇಳಿದ. ಚೆಂಡು ಬೀಳಿಸುವುದು ಕಲಿಯಬಹುದಾದ ವಿದ್ಯೆ. ಬಿದ್ದ ಚೆಂಡು ಯಾರ ಪಾಲಾಗುತ್ತದೆ ಎನ್ನುವುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಅದಕ್ಕೇ ಈ ವರ್ಷ ಬಾಚಿಕೊಂಡ ತಂಡ ಮುಂದಿನ ವರ್ಷ ಬರಿಗೈಯಲ್ಲಿ ನಿಲ್ಲುವುದುಂಟು. 2018ರಲ್ಲಿ 36 ಗಳಿಸಿದ ಬೇರ್ಸ್‌ನ ಲೆಕ್ಕ ಮರುವರ್ಷ ಸುಮಾರು ಅರ್ಧಕ್ಕೆ ಇಳಿಯಿತು. ಮೇಲಾಗಿ ಚೆಂಡಿಗೇ ಕೈಹಾಕುವವನು ಕೆಲವೊಮ್ಮೆ ಆಳನ್ನೂ ಬಿಟ್ಟುಬಿಡುತ್ತಾನೆ. ಹತ್ತು ಗಜಕ್ಕೆ ಬೀಳಬೇಕಾದವನು ಅರವತ್ತು ಗಜ ಓಡುತ್ತಾನೆ. ಈ ಜೂಜು ಆಡಲು ಧೈರ್ಯವಿರುವ ಕೋಚ್‌ಗಳು ಕಡಿಮೆ.

ನನಗೆ ಹೆಚ್ಚು ಕಾಡುವುದು 2015ರ ಕ್ಯಾರೊಲೈನಾ ಪ್ಯಾಂಥರ್ಸ್. ಟಿಲ್‌ಮನ್ ತಮ್ಮ ಕೊನೆಯ ವರ್ಷ ಆಡಿದ್ದು ಆ ತಂಡಕ್ಕೆ. ಆ ವರ್ಷ ಎಲ್ಲರಿಗಿಂತ ಹೆಚ್ಚು, 39 ಸಲ, ಚೆಂಡು ಕಸಿದ ತಂಡ ಅದೇ. 16ರಲ್ಲಿ 15 ಪಂದ್ಯ ಗೆದ್ದಿತ್ತು. ಪ್ಲೇಆಫ್ ಶುರುವಾಗುವ ಮುಂಚೆಯೇ ಟಿಲ್‌ಮನ್ ಮಂಡಿಗೆ ಪೆಟ್ಟು ಮಾಡಿಕೊಂಡು ಹೊರಗೆ ಕೂತರು. ಮರುವರ್ಷದ ಫೆಬ್ರುವರಿ 7ಕ್ಕೆ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ 50ನೆಯ ಸೂಪರ್ ಬೌಲ್. ನಮ್ಮ ಬೆಂಗಳೂರಿನ ಅರ್ಧ ಸಾಫ್ಟ್‌ವೇರ್ ಮಕ್ಕಳು ನೆಲೆಸಿರುವ ಸೀಮೆ ಅದು. ಎದುರಿಗೆ ಡೆನ್ವರ್ ಬ್ರಾಂಕೋಸ್. ಅವರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ಗೆ 39 ವರ್ಷ, ತೋಳಿನ ಕಸುವು ಮುಗಿದಿತ್ತು. ಆ ದಿನ ಬ್ರಾಂಕೋಸ್ ಆಕ್ರಮಣ ಒಟ್ಟು ಗಳಿಸಿದ್ದು 194 ಗಜ. ಅಲ್ಲಿಯವರೆಗೆ ಸೂಪರ್ ಬೌಲ್ ಗೆದ್ದ ಯಾವ ತಂಡವೂ ಅಷ್ಟು ಕಡಿಮೆ ಗಳಿಸಿರಲಿಲ್ಲ. ಆದರೂ 24–10ರಿಂದ ಗೆದ್ದರು. ಯಾಕೆಂದರೆ ಅವರಲ್ಲಿ ವಾನ್ ಮಿಲ್ಲರ್ ಇದ್ದರು. ಮೊದಲ ಕಾಲುಭಾಗದಲ್ಲೇ ಪ್ಯಾಂಥರ್ಸ್ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ನ್ಯೂಟನ್ ಕೈಯಿಂದ ಚೆಂಡು ಕಿತ್ತರು. ಅದು ಉರುಳಿ ಗೆರೆಯೊಳಗೆ ಹೋಯಿತು, ಮ್ಯಾಲಿಕ್ ಜಾಕ್ಸನ್ ಅದರ ಮೇಲೆ ಬಿದ್ದು ಟಚ್‌ಡೌನ್ ಮಾಡಿದರು.

ಕೊನೆಯ ನಾಲ್ಕು ನಿಮಿಷ ಉಳಿದಿದ್ದಾಗ 16–10. ಪ್ಯಾಂಥರ್ಸ್‌ಗೆ ಇನ್ನೂ ಆಸೆಯಿತ್ತು. ನ್ಯೂಟನ್ ತೋಳೆತ್ತಿದರು, ಮಿಲ್ಲರ್ ಮತ್ತೆ ಅದೇ ಕೈಗೆ ಹೊಡೆದರು. ಚೆಂಡು ನ್ಯೂಟನ್ ಮುಂದೆಯೇ ಬಿದ್ದಿತ್ತು. ಅವರು ಒಂದು ಹೆಜ್ಜೆ ಮುಂದಿಟ್ಟರು, ತಡೆದರು, ಹಿಂದೆ ಸರಿದರು. ಡೆನ್ವರ್‌ನವರು ಬಾಚಿಕೊಂಡರು.

"ಬೀಳಬೇಕಿತ್ತು ಕಣೋ ಅವನು," ಎಂದೆ ನಾನು ಸೋಫಾದಿಂದ ಎದ್ದುನಿಂತು.

"ಅಜ್ಜಿ, ಬಿದ್ದಿದ್ರೆ ಅಷ್ಟೂ ಜನ ಅವನ ಕಾಲ ಮೇಲೆ ಬೀಳ್ತಿದ್ರು. ಕಾಲು ಮುರಿದ್ರೆ?"

"ಮುರೀಲಿ. ಸೂಪರ್ ಬೌಲ್ ಇದು."

"ಹೋದ ವರ್ಷ ನಾನು ಸೈಕಲ್‌ನಿಂದ ಬಿದ್ದಾಗ ಆಂಬುಲೆನ್ಸ್ ಕರೀರಿ ಅಂತ ಕೂಗಿದ್ದು ಯಾರು?"

ಅಡುಗೆಮನೆಯಿಂದ ಮಗಳು, ಇಬ್ಬರೂ ಸ್ವಲ್ಪ ಮೆತ್ತಗೆ ಮಾತಾಡಿ ಎಂದಳು. ಅಷ್ಟರಲ್ಲಿ ಡೆನ್ವರ್ ಟಚ್‌ಡೌನ್ ಹೊಡೆದಾಗಿತ್ತು. ಈಗಲೂ ವಿಡಿಯೋ ಕರೆಯಲ್ಲಿ ಆ ವಿಷಯ ಬಂದರೆ ಮೊಮ್ಮಗ ನ್ಯೂಟನ್ ಪಕ್ಷ, ನಾನು ಬೀಳಬೇಕಿತ್ತು ಎನ್ನುವ ಪಕ್ಷ. ಅಳಿಯ ಮಾತ್ರ ಇಬ್ಬರನ್ನೂ ಬಿಟ್ಟು 1985ಕ್ಕೆ ಹೋಗಿಬಿಡುತ್ತಾನೆ.